ಸಹಾಯ ಬೇಕು: ಅಪ್ಪ ನೌಕಾಪಡೆಯಲ್ಲಿ ಯಾವ ಹಡಗಿನಲ್ಲಿದ್ದರು?

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿಯವರು, ಊರು ಅಂಕೋಲಾ. ಮುಂದಿನ ತಿಂಗಳು ಅಪ್ಪನ ವರ್ಷಾಂತಿಕ. ಬಂದವರಿಗೆ ಅವರ ಬದುಕಿನ ಬಗ್ಗೆ ನಾಲ್ಕು ಪುಟದ ಪುಸ್ತಿಕೆ ಕೊಡಬೇಕು ಅಂತ ಅಮ್ಮನ ಆಸೆ. ಫಿಟ್ಟರ್ ಆಗಿದ್ದ ಕಾಲದ್ದು ಸಲೀಸಾಗಿ ಬರೆದೆ. ಭಾಂಡುಪ್ ಕಾರ್ಖಾನೆಯಲ್ಲಿ 22 ವರ್ಷ, ರಿಟೈರ್ ಆದ ಮೇಲೂ ಬಿಲ್ಡಿಂಗಿನ ಪಂಪ್ ಕೆಟ್ಟರೆ ಎಲ್ಲರೂ ಕರೆಯುತ್ತಿದ್ದುದು ಅವರನ್ನೇ, ಒಂದು ಪೈಸೆ ತಗೊಳ್ಳುತ್ತಿರಲಿಲ್ಲ.

ನೌಕಾಪಡೆಯ ಭಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. 2005ರ ಜುಲೈ 26ರ ಮಳೆಯಲ್ಲಿ ಮನೆಗೆ ನೀರು ನುಗ್ಗಿ, ನೌಕಾಪಡೆ ಬಿಟ್ಟಾಗ ಕೊಟ್ಟಿದ್ದ ಡಿಸ್ಚಾರ್ಜ್ ಪುಸ್ತಕ ಹೋಯಿತು. ಪಿಂಚಣಿ ಇರಲಿಲ್ಲ, ಆ ಕಾಗದವೂ ಇಲ್ಲ. ಉಳಿದಿದ್ದು ಪೂರ್ವಿ ಸ್ಟಾರ್ ಪದಕ ಒಂದೇ, 1971ರ ಯುದ್ಧದಲ್ಲಿ ಪೂರ್ವದ ಕಡೆ ಇದ್ದವರಿಗೆ ಕೊಟ್ಟಿದ್ದು. 1971ರಲ್ಲಿ ಅಣ್ಣ ಕರಾಚಿ ದಾಳಿಗೆ ಹೋಗಿದ್ದ ಅಂತ ಚಿಕ್ಕಪ್ಪ ಹೇಳುತ್ತಾರೆ. ಆದರೆ ಆ ಕಡೆ ಇದ್ದವರಿಗೆ ಕೊಟ್ಟಿದ್ದು ಪಶ್ಚಿಮಿ ಸ್ಟಾರ್ ಅಲ್ವಾ? ಪೂರ್ವದಲ್ಲಿ ವಿಕ್ರಾಂತ್ ಇತ್ತು, ಬೇರೆ ಹಡಗುಗಳೂ ಇದ್ದವು. ಸುಮ್ನೆ ಅಂದಾಜಿನ ಮೇಲೆ ಒಂದು ಹೆಸರು ಹಾಕಲು ಮನಸ್ಸು ಬರುತ್ತಿಲ್ಲ, ಅಳತೆ ಕೂದಲೆಳೆಯಷ್ಟು ತಪ್ಪಿದರೂ ಮತ್ತೆ ಮೊದಲಿನಿಂದ ಮಾಡುತ್ತಿದ್ದ ಮನುಷ್ಯ ಅವರು.

ಒಂದು ಕಚೇರಿಗೆ ಎರಡು ಸಲ ಹೋದೆ, ಡಿಸ್ಚಾರ್ಜ್ ಪುಸ್ತಕ ತನ್ನಿ ಅಂತ ವಾಪಸ್ ಕಳಿಸಿದರು. ಮೊನ್ನೆ ಅವರ ಸ್ಪ್ಯಾನರ್‌ಗಳ ತುಕ್ಕು ಒರೆಸುವಾಗ ಪ್ರತಿಯೊಂದರ ಹಿಡಿಯ ಮೇಲೂ ಒಂದೇ ನಂಬರ್ ಪಂಚ್ ಮಾಡಿದ್ದು ಕಂಡಿತು. ಆರು ಅಂಕಿ, ಕೊನೆಗೊಂದು ಇಂಗ್ಲಿಷ್ ಅಕ್ಷರ. ಸರ್ವಿಸ್ ನಂಬರೇ ಇರಬೇಕು ಅಂತ ಅಮ್ಮ ಅತ್ತೇಬಿಟ್ಟರು.

ನೌಕಾಪಡೆಯಲ್ಲಿದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಈ ನಂಬರ್ ಮತ್ತು ಮರಣ ಪ್ರಮಾಣಪತ್ರ ಇಷ್ಟೇ ಇಟ್ಟು ಮಾನ್‌ಖುರ್ದ್‌ನ ಬ್ಯೂರೋ ಆಫ್ ಸೇಲರ್ಸ್‌ಗೆ (ನಾವಿಕರ ದಾಖಲೆ ಇಡುವ ನೌಕಾಪಡೆಯ ಕಚೇರಿ) ಬರೆದರೆ ಅಪ್ಪ ಕೆಲಸ ಮಾಡಿದ ಹಡಗುಗಳ ಪಟ್ಟಿ ಕೊಡುತ್ತಾರಾ? ಅರ್ಜಿ ಅಮ್ಮನ ಹೆಸರಲ್ಲೇ ಹೋಗಬೇಕಾ, ಮಗಳು ನಾನು ಹಾಕಿದರೂ ನಡೆಯುತ್ತದಾ?