ಎಂ.ವಿ.ಯಲ್ಲಿ ‘ಎಂ’ ಯಾವ ಊರು?

ಮಗಳ ಶಾಲೇಲಿ ಶನಿವಾರ ಎರಡಕ್ಷರದ ಕ್ವಿಜ್, ಎಂ.ವಿ., ಕೆಎ ಥರದ ಚುಟುಕು ಹೆಸರುಗಳದ್ದು. ನಾನು ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರಿ. ನಸುಕಲ್ಲಿ ಮಾರ್ಕೆಟ್‌ಗೆ ಬರೋ ಕೆಎ-40, ಕೆಎ-07 ಗಾಡಿ ನೋಡಿದ್ದಷ್ಟೇ ನನ್ನ ಜ್ಞಾನ. ಸರ್ ಎಂ.ವಿ. ಹುಟ್ಟಿದ್ದು ಇಲ್ಲೇ ಮುದ್ದೇನಹಳ್ಳೀಲಿ. ‘ಎಂ’ ಅದೇ ತಾನೆ?

ಶಿಡ್ಲಘಟ್ಟದವ: ಅಲ್ಲಣ್ಣ, ಮೋಕ್ಷಗುಂಡಂ. ಪೂರ್ವಿಕರ ಊರು, ಆಂಧ್ರದಲ್ಲಿದೆ. ಎಲ್ಲರೂ ಎಡವೋದು ಇಲ್ಲೇ.

ಕೋಲಾರದಕ್ಕ: ಕೆಎ-08 ಕೇಳಿದ್ರೆ ಕೆಜಿಎಫ್ ಅನ್ನಿ. ಅಲ್ಲಿ ತೆಗೀತಿದ್ದ ಚಿನ್ನದ ರಾಸಾಯನಿಕ ಚಿಹ್ನೆಗೂ ಎರಡೇ ಅಕ್ಷರ: ಎಯು, ಲ್ಯಾಟಿನ್‌ನ ಔರಂ. ತುಮಕೂರು 06. ತಿಪಟೂರು 44, ಮಧುಗಿರಿ 64. ಇವೆರಡನ್ನ ಅದಲುಬದಲು ಮಾಡಿ ನನ್ನ ಮಗ ಸೋತಿದ್ದ.

ಹೂವಿನವ: ಥ್ಯಾಂಕ್ಸ್ ಅಕ್ಕ. ಮುದ್ದೇನಹಳ್ಳಿ ಅಂತ ಆಗಲೇ ಬರೆಸಿಬಿಟ್ಟಿದ್ದೀನಿ. ಅದೂ ಪೆನ್ನಲ್ಲಿ.