ಹುಕುಂ ಪಾಲಿಸೋದು, 'ಆಗಲ್ಲ ಸರ್' ಅನ್ನೋದು: ಎರಡನ್ನೂ ಒಬ್ಬನೇ ಕೆಡೆಟ್‌ಗೆ ಕಲಿಸೋದು ಹೇಗೆ?

ತುಂಗಾ_ದಡ:
ತೀರ್ಥಹಳ್ಳಿ ಕಡೆಯ ಒಂದು ಕಾಲೇಜಿನ ಎನ್‌ಸಿಸಿ ಕೆಡೆಟ್‌ಗಳಿಗೆ 'ವಿಧೇಯತೆ ಮತ್ತು ನೈತಿಕ ಧೈರ್ಯ' ಅಂತ 40 ನಿಮಿಷದ ಪಾಠ ಮಾಡಬೇಕಿದೆ. 50 ಮಕ್ಕಳು. ತೊಡಕು ಏನಂದ್ರೆ, ಬೆಳಿಗ್ಗೆ ಕವಾಯತಿನಲ್ಲಿ 'ಸಾವಧಾನ್' ಅಂದ ಕೂಡಲೇ ಯೋಚಿಸದೆ ಹಿಮ್ಮಡಿ ಜೋಡಿಸಿ ಅಂತೀವಿ. ಮಧ್ಯಾಹ್ನ ಬಂದು 'ತಪ್ಪು ಆದೇಶ ಪ್ರಶ್ನಿಸಿ' ಅಂದರೆ ಮಕ್ಕಳು ನಗಲ್ವಾ? ಮಿಲ್‌ಗ್ರಾಂ ಪ್ರಯೋಗ ಹೇಳಿ 'ನೋಡಿ, ನೂರಕ್ಕೆ 65 ಜನ ಕುರಿಗಳು' ಅಂತ ಶುರು ಮಾಡಿ, ಔರಂಗಜೇಬನಿಗೆ ಜಗ್ಗದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮನ ಪ್ರಸಂಗದಿಂದ ಮುಗಿಸುವ ಯೋಚನೆ. ಬಲ್ಲವರು ತಿದ್ದಿ. ಕಾನೂನು ಏನನ್ನುತ್ತೆ ಅನ್ನೋದೂ ಬೇಕು.

ಮನಶ್ಶಾಸ್ತ್ರದ_ಮೇಷ್ಟ್ರು:
ಆ 'ಕುರಿ' ಮಾತು ಬಿಡಿ ಮಾರಾಯ್ರೆ. ಆ ಪ್ರಯೋಗ ಹೇಳುವುದು ಅದನ್ನಲ್ಲ. ಗೊತ್ತಿಲ್ಲದವರಿಗೆ: ಅಮೆರಿಕದ ಮನಶ್ಶಾಸ್ತ್ರಜ್ಞ ಮಿಲ್‌ಗ್ರಾಂ ಜನರನ್ನು ಕರೆದು, ಆಚೆ ಕೋಣೆಯವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಹೆಚ್ಚೆಚ್ಚು ವೋಲ್ಟಿನ ಶಾಕ್ ಕೊಡಿ ಅಂತ ಆದೇಶ ಕೊಡಿಸಿದರು. ಶಾಕ್ ಸುಳ್ಳು, ಆಚೆಯವನು ನಟ, ಆದರೆ ಅದನ್ನು ಅವರಿಗೆ ಹೇಳಿರಲಿಲ್ಲ.

1963ರಲ್ಲಿ ಪ್ರಕಟವಾದ ಮೊದಲ ಫಲಿತಾಂಶದಲ್ಲಿ 40 ಗಂಡಸರ ಪೈಕಿ 26 ಮಂದಿ ಕೊನೆಯ 450 ವೋಲ್ಟ್ ಸ್ವಿಚ್ ಒತ್ತಿದರು. ನಿಮ್ಮ 65 ಅಲ್ಲಿಂದ ಬಂದದ್ದು. ಆದರೆ ಮಿಲ್‌ಗ್ರಾಂ ಅದೊಂದನ್ನೇ ಮಾಡಿ ನಿಲ್ಲಿಸಲಿಲ್ಲ. ಸನ್ನಿವೇಶ ಬದಲಿಸುತ್ತಾ ಹೋದರು. ಪಾಠಕ್ಕೆ ಬೇಕಾದದ್ದು ಆ ಬದಲಾವಣೆಗಳು. ಪಕ್ಕದಲ್ಲಿ ಕೂತ ಇಬ್ಬರು (ಅವರು ಮೊದಲೇ ಹೇಳಿಕೊಟ್ಟವರು) ಒಬ್ಬೊಬ್ಬರಾಗಿ 'ನಾನು ಮಾಡಲ್ಲ' ಅಂತ ಎದ್ದಾಗ ಕೊನೆ ಮುಟ್ಟಿದವರು 40ರಲ್ಲಿ 4. ಆದೇಶ ಫೋನಿನಲ್ಲಿ ಬಂದಾಗ ಐದರಲ್ಲಿ ಒಬ್ಬರ ಆಸುಪಾಸು, ಅದರಲ್ಲೂ ಕೆಲವರು ಕಡಿಮೆ ವೋಲ್ಟ್ ಕೊಟ್ಟು 'ಹೆಚ್ಚಿಸಿದೆ ಸರ್' ಅಂತ ಸುಳ್ಳು ಹೇಳಿದರು. ಮೇಲಿನವರಿಬ್ಬರು ಪರಸ್ಪರ ವಿರುದ್ಧ ಆದೇಶ ಕೊಟ್ಟಾಗ ಒಬ್ಬರೂ ಕೊನೆ ಮುಟ್ಟಲಿಲ್ಲ. ಸ್ವಿಚ್ಚನ್ನು ಬೇರೆಯವನು ಒತ್ತಿ, ಇವನು ಬರೀ ಪ್ರಶ್ನೆ ಓದುವ ಕೆಲಸ ಮಾಡಿದಾಗ ಮಾತ್ರ 40ರಲ್ಲಿ 37 ಮಂದಿ ಕೊನೆತನಕ ಕೂತರು. ಜನ ಒಂದೇ ಥರದವರು, ಬದಲಾದದ್ದು ಅವರು ಕೂತ ಜಾಗ ಮತ್ತು ಪಕ್ಕದಲ್ಲಿದ್ದವರು.

ಇನ್ನೆರಡು ವಿಷಯ. ಒಂದು, ವೋಲ್ಟ್ ಏರಿದ್ದು 15-15ರಂತೆ, 30 ಮೆಟ್ಟಿಲು. 135 ಕೊಟ್ಟವನಿಗೆ 150 ಕೊಡಬಾರದು ಅನ್ನಲು ಕಾರಣ ಸಿಗುವುದಿಲ್ಲ. ಹಾಗಂದರೆ 135 ಕೊಟ್ಟದ್ದೂ ತಪ್ಪು ಅಂತಾಗುತ್ತದೆ. ದನಿ ಕೇಳಿಸುವ ಹಾಗೆ ಮಾಡಿದ ಮುಂದಿನ ಪ್ರಯೋಗಗಳಲ್ಲಿ ಆಚೆ ಕೋಣೆಯವನು 'ನನ್ನನ್ನು ಬಿಡಿ' ಅಂತ ಮೊದಲ ಸಲ ಕೂಗುವುದು 150ರಲ್ಲಿ. ನಿಲ್ಲಿಸಿದವರು ಹೆಚ್ಚಾಗಿ ನಿಲ್ಲಿಸಿದ್ದೂ ಅಲ್ಲೇ, ಅದನ್ನು ದಾಟಿದವರಲ್ಲಿ ಬಹುಪಾಲು ಜನ ಕೊನೆಗೇ ಹೋದರು. ಎರಡು, 'ನಿಮಗೆ ಬೇರೆ ದಾರಿಯೇ ಇಲ್ಲ, ಮುಂದುವರಿಸಬೇಕು' ಎಂಬ ಗದರಿಕೆ, ಹಿಂಜರಿದವರಿಗೆ ಒಂದಾದ ಮೇಲೊಂದು ಹೇಳುತ್ತಿದ್ದ ನಾಲ್ಕು ಮಾತುಗಳಲ್ಲಿ ಕೊನೆಯದು. ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಪ್ರಯೋಗವನ್ನು 150 ವೋಲ್ಟ್‌ವರೆಗೆ ಮಾತ್ರ ಮತ್ತೆ ಮಾಡಿದಾಗ (ಪ್ರಕಟವಾದದ್ದು 2009ರಲ್ಲಿ) ಆ ಮಾತು ಕೇಳಿದ ಮೇಲೆ ಒಬ್ಬರೂ ಮುಂದುವರಿಯಲಿಲ್ಲ. ಬರೀ ಹುಕುಮಿಗೆ ಜನ ತಿರುಗಿಬೀಳುತ್ತಾರೆ. 'ಇದು ವಿಜ್ಞಾನಕ್ಕಾಗಿ' ಅಂತ ನಂಬಿಸಿದಾಗ ಮಾಡುತ್ತಾರೆ. ಸೈನ್ಯದಲ್ಲೂ ಹೆದರಿಕೆಗಿಂತ 'ನಮ್ಮ ಕೆಲಸ, ನಮ್ಮ ಹುಡುಗರು' ಅನ್ನೋದೇ ದೊಡ್ಡ ಎಳೆತ.

ಒಂದು ಎಚ್ಚರಿಕೆ: ಅವರು ಸಂಬಳಕ್ಕೆ ಬಂದ ನಾಗರಿಕರು, ಸೈನಿಕರಲ್ಲ. ಕೆಲವರಿಗೆ ಇದು ನಾಟಕ ಎಂಬ ಗುಮಾನಿಯೂ ಇತ್ತು. ಹಾಗಾಗಿ ಸಂಖ್ಯೆಯನ್ನು ಪ್ಲಟೂನಿಗೆ ನೇರ ಅಂಟಿಸಬೇಡಿ.

ಹಳೇ_ಸುಬೇದಾರ್:
ನಿಮ್ಮ ಮೊದಲ ತೊಡಕು ನಿಜವಾಗಿ ತೊಡಕೇ ಅಲ್ಲ ಮೇಡಂ/ಸರ್. ಕವಾಯತು ಕಲಿಸುವುದು ಕೈಕಾಲಿಗೆ. 'ಥಮ್' (ನಿಲ್ಲು) ಅಂದಾಗ ಯೋಚಿಸುತ್ತಾ ನಿಂತರೆ ಹಿಂದಿನವನು ಬಂದು ಗುದ್ದುತ್ತಾನೆ, ಅಷ್ಟೇ. ಅದರಿಂದ ಯಾರ ಪ್ರಾಣವೂ ಹೋಗಲ್ಲ. ಮನುಷ್ಯನ ಮೇಲೆ ಬಲಪ್ರಯೋಗಿಸುವ ಆದೇಶ ಬೇರೆ ಜಾತಿಯದು. ಈ ಎರಡನ್ನು ಬೋರ್ಡಿನ ಮೇಲೆ ಎರಡು ಕಡೆ ಬರೆದು ತೋರಿಸಿ.

ಚೆನ್ನಮ್ಮನ ಪ್ರಸಂಗ ಮಲೆನಾಡಿನವರಿಗೆ ಹೆಮ್ಮೆ, ಒಪ್ಪಿದೆ. ಆದರೆ ಆಕೆ ರಾಣಿ. ಮೇಲೊಬ್ಬ ಅಧಿಕಾರಿ ಇರಲಿಲ್ಲ, ಪಕ್ಕದಲ್ಲಿ ಸಾಲಾಗಿ ನಿಂತ ಜೊತೆಗಾರರಿರಲಿಲ್ಲ. ಕೆಡೆಟ್‌ಗೆ ಬೇಕಾದ ಉದಾಹರಣೆ ಚಂದ್ರಸಿಂಗ್ ಗಢವಾಲಿ. 1930ರ ಏಪ್ರಿಲ್ 23, ಪೇಶಾವರ: ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ರಾಯಲ್ ಗಢವಾಲ್ ರೈಫಲ್ಸ್‌ನ ಅವರ ತುಕಡಿ ನಿರಾಕರಿಸಿತು. ಬೆಲೆಯನ್ನೂ ಮುಚ್ಚಿಡದೆ ಹೇಳಿ. ಅವರಿಗೆ ಜೀವಾವಧಿ ಶಿಕ್ಷೆಯಾಯಿತು, ಬಿಡುಗಡೆಯಾದದ್ದು 1941ರಲ್ಲಿ. ಧೈರ್ಯಕ್ಕೆ ತಕ್ಷಣ ಪದಕ ಸಿಗುತ್ತೆ ಅಂತ ಕಲಿಸಿದರೆ ಅದು ಮೋಸ.

ಇನ್ನೊಂದು, ಹ್ಯೂ ಥಾಂಪ್ಸನ್. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ಹಳ್ಳಿಗರನ್ನು ಕೊಲ್ಲುತ್ತಿದ್ದಾಗ ತನ್ನ ಹೆಲಿಕಾಪ್ಟರನ್ನು ನಡುವೆ ಇಳಿಸಿದ ಪೈಲಟ್. ಸೋಲ್ಜರ್ಸ್ ಮೆಡಲ್ ಎಂಬ ಪದಕ ಬಂದದ್ದು 1998ರಲ್ಲಿ. ಮೇಷ್ಟ್ರು ಹೇಳಿದ 'ಕೂತ ಜಾಗ' ಇಲ್ಲೂ ಇದೆ: ಆತ ಆ ಕಂಪನಿಯವನಲ್ಲ, ಮೇಲಿನಿಂದ ಇಡೀ ದೃಶ್ಯ ನೋಡುತ್ತಿದ್ದ. ಜೊತೆಗೆ ಇಬ್ಬರು ಸಿಬ್ಬಂದಿ ಅವನ ಪರ ನಿಂತರು.

ಕೋರ್ಟ್_ರಸ್ತೆ_ಶಿವಮೊಗ್ಗ:
ಕಾನೂನು ಚುಟುಕಾಗಿ. 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಆಜ್ಞೋಲ್ಲಂಘನೆಗೆ ಶಿಕ್ಷೆ ಹೇಳುತ್ತದೆ. ಖುದ್ದಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ ಧಿಕ್ಕರಿಸಿದರೆ 14 ವರ್ಷದವರೆಗೆ. ಆದರೆ ಸೆಕ್ಷನ್ ಬರೀ 'ಆಜ್ಞೆ' ಅನ್ನುವುದಿಲ್ಲ, 'ಕಾನೂನುಬದ್ಧ ಆಜ್ಞೆ' ಅನ್ನುತ್ತದೆ. ಇಡೀ ಪಾಠ ಆ ಒಂದು ವಿಶೇಷಣದಲ್ಲಿದೆ. ಭಾರತೀಯ ನ್ಯಾಯ ಸಂಹಿತೆಯ 14ನೇ ಸೆಕ್ಷನ್ನಿನ (ಹಿಂದೆ ಐಪಿಸಿ 76) ಉದಾಹರಣೆಯೂ ಅಷ್ಟೇ: ಮೇಲಧಿಕಾರಿಯ ಆದೇಶದಂತೆ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕ ಅಪರಾಧಿಯಲ್ಲ, ಆದರೆ ಅದು ಕಾನೂನಿನ ಅಪ್ಪಣೆಗೆ ಅನುಸಾರವಾಗಿದ್ದಾಗ. ಗುಂಪು ಚದುರಿಸಲು ಸೇನೆ ಕರೆದಾಗಲೂ ಆದಷ್ಟು ಕಡಿಮೆ ಬಲ, ಆದಷ್ಟು ಕಡಿಮೆ ಗಾಯ ಎಂಬುದು ನಾಗರಿಕ ಸುರಕ್ಷಾ ಸಂಹಿತೆಯ 149ನೇ ಸೆಕ್ಷನ್.

ಅಪಾಯ ಎಲ್ಲಿ? ಆದೇಶ ಕಾನೂನುಬದ್ಧವೇ ಅಂತ ಸೈನಿಕ ಕ್ಷಣದಲ್ಲಿ ತೀರ್ಮಾನಿಸಬೇಕು, ಕೋರ್ಟ್ ಮಾರ್ಷಲ್ ತಿಂಗಳುಗಟ್ಟಲೆ ಕೂತು ತೂಗುತ್ತದೆ. ಹಾಗಾಗಿ 'ನನಗೆ ಸರಿಕಾಣಲಿಲ್ಲ' ಸಾಲದು. ಶರಣಾದವನನ್ನು ಕೊಲ್ಲು, ಹಿಡಿದವನಿಗೆ ಹಿಂಸೆ ಕೊಡು, ಇಂಥ ಮೇಲ್ನೋಟಕ್ಕೇ ಅಕ್ರಮವಾದದ್ದು ಒಂದು ಬಗೆ. ಬುದ್ಧಿಗೇಡಿ ಆದೇಶ ಇನ್ನೊಂದು ಬಗೆ. ಎರಡನೆಯದಕ್ಕೆ ಆಕ್ಷೇಪ ಹೇಳಬಹುದು, ಆಮೇಲೆ ಸೇನಾ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ದೂರು ಕೊಡಬಹುದು, ಧಿಕ್ಕರಿಸುವಂತಿಲ್ಲ. ಅಂದಹಾಗೆ ಕೆಡೆಟ್‌ಗಳಿಗೆ ಸಕ್ರಿಯ ಸೇನಾ ಸೇವೆಯ ಹೊಣೆ ಇಲ್ಲ. 14 ವರ್ಷ ಅಂತ ಹೇಳಿ ಅವರನ್ನು ಹೆದರಿಸಬೇಡಿ.

ತುಂಗಾ_ದಡ:
ಎಲ್ಲರಿಗೂ ಧನ್ಯವಾದ. ಹಾಗಾದರೆ ಭಾಷಣಕ್ಕಿಂತ ಚಟುವಟಿಕೆ ಒಳ್ಳೇದು ಅನ್ನಿಸ್ತಿದೆ. ಮಿಲ್‌ಗ್ರಾಂ ಥರ ಸುಳ್ಳು ಶಾಕ್ ಮಾಡಿಸಬಹುದಾ?

ಮನಶ್ಶಾಸ್ತ್ರದ_ಮೇಷ್ಟ್ರು:
ಖಂಡಿತ ಬೇಡ. ಮೋಸಹೋದ ಹುಡುಗ ಸ್ನೇಹಿತರ ಮುಂದೆ 'ನೀನು ಕ್ರೂರಿ' ಅನ್ನಿಸಿಕೊಂಡು ಮನೆಗೆ ಹೋಗುತ್ತಾನೆ.

ಹಳೇ_ಸುಬೇದಾರ್:
ದೋಣಿ ಆಟ ಮಾಡಿಸಿ. ಆಟ ಅಂತ ಮೊದಲೇ ಹೇಳಿಬಿಡಿ. ಐದೈದು ಜನರ 10 ಗುಂಪು: ಒಬ್ಬ ನಾಯಕ, ಮೂವರು ಸದಸ್ಯರು, ಒಬ್ಬ ಗಡಿಯಾರ ಹಿಡಿದ ವೀಕ್ಷಕ. ಸನ್ನಿವೇಶ: ಜುಲೈ, ತುಂಗೆ ತುಂಬಿದೆ, ಕತ್ತಲಾಗುತ್ತಿದೆ. ದೋಣಿಗೆ 8 ಜನ ಮಿತಿ, ದಡದಲ್ಲಿ 13 ಜನ. ನಾಯಕನ ಚೀಟಿಯಲ್ಲಿ 'ಒಂದೇ ಸಲಕ್ಕೆ ಎಲ್ಲರನ್ನೂ ಹತ್ತಿಸು' ಅಂತಿರಲಿ.

ಸದಸ್ಯರಿಗೆ ನಾಲ್ಕು ಮಾತು ಬಾಯಿಪಾಠ ಮಾಡಿಸಿ, ಕವಾಯತಿನ ಹಾಗೇ ಜೋರಾಗಿ, ಮೂರು ಸಲ. ಮೊದಲು ಕಂಡದ್ದು: 'ಸರ್, ದೋಣಿಗೆ ಎಂಟೇ ಜನ.' ಆಮೇಲೆ ಆಗುವುದು: 'ಹದಿಮೂರು ಹತ್ತಿದರೆ ಸುಳಿಯಲ್ಲಿ ಮಗುಚುತ್ತೆ.' ಆಮೇಲೆ ಬದಲಿ ದಾರಿ: 'ಎರಡು ಸಲ ಹೋಗ್ತೀನಿ, ಮಕ್ಕಳು ಮೊದಲು.' ಕೊನೆಗೆ: 'ಹದಿಮೂರು ಜನರನ್ನು ಹಾಕಿಕೊಂಡು ನಾನು ಹಗ್ಗ ಬಿಚ್ಚಲ್ಲ ಸರ್.' ದನಿ ಏರಬಾರದು, 'ಸರ್' ಬಿಡಬಾರದು. ಹೆಚ್ಚಿನ ಸಲ ಮೂರನೆಯದಕ್ಕೇ ನಾಯಕ ಒಪ್ಪುತ್ತಾನೆ, ಏಕೆಂದರೆ ಅವನ ಮರ್ಯಾದೆ ಉಳಿಯುವ ದಾರಿ ಅದರಲ್ಲಿದೆ.

ಕೆಡುವುದು ಎಲ್ಲಿ ಅಂದ್ರೆ, ನಾಯಕನಾದ ಹುಡುಗ ಸಿನಿಮಾ ಖಳನಾಯಕನ ಹಾಗೆ ಅರಚುತ್ತಾನೆ. ಆಗ ಎಲ್ಲರೂ ಸಲೀಸಾಗಿ ಎದುರು ನಿಲ್ಲುತ್ತಾರೆ, ಆಟ ಮುಗೀತು. ಅವನಿಗೆ ಮೆತ್ತಗೆ, ಅವಸರದಲ್ಲಿ, ಹೆಗಲ ಮೇಲೆ ಕೈಯಿಟ್ಟು ಹೇಳಲು ತಿಳಿಸಿ: 'ಪಾಪ ಜನ ಕಾಯ್ತಿದ್ದಾರೆ ಕಣೋ, ಬೇಗ.' ತಪ್ಪು ಆದೇಶ ಬಹಳ ಸಲ ಬರುವುದು ಒಳ್ಳೆಯ ಅಧಿಕಾರಿಯ ಬಾಯಿಂದಲೇ.

ಎರಡನೇ ಸುತ್ತಿನಲ್ಲಿ ಒಬ್ಬ ಸದಸ್ಯನಿಗೆ ಮಾತ್ರ ಗುಟ್ಟಾಗಿ ಹೇಳಿ: ಯಾರಾದರೂ ಮೊದಲ ಮಾತು ಆಡಿದ ಕೂಡಲೇ 'ಹೌದು ಸರ್, ನನಗೂ ಹಾಗೇ ಕಾಣ್ತಿದೆ' ಅನ್ನು. ವೀಕ್ಷಕ ಎರಡೂ ಸುತ್ತಿನಲ್ಲಿ ಮೊದಲ ಆಕ್ಷೇಪಕ್ಕೆ ಎಷ್ಟು ಸೆಕೆಂಡ್, ಆಗ ದೋಣಿಯಲ್ಲಿ ಎಷ್ಟು ಜನ ಹತ್ತಿಯಾಗಿತ್ತು ಅಂತ ಬರೆಯಲಿ. ವಿವರಣೆಗೆ 5 ನಿಮಿಷ, ಸುತ್ತು ತಲಾ 10, ಉಳಿದ 15 ಆ ಚೀಟಿಗಳನ್ನು ಬೋರ್ಡಿಗೆ ಏರಿಸಿ ಮಾತಾಡಲು. ಒಂಬತ್ತನೆಯವನು ಕಾಲಿಡುವಾಗ ಮಾತಾಡಿದವರು ಎಷ್ಟು, ಹದಿಮೂರನೆಯವನಿಗೆ ಕಾದವರು ಎಷ್ಟು ಅಂತ ಮಕ್ಕಳೇ ಎಣಿಸಲಿ.