ಅಪ್‌ಡೇಟ್: ನಮ್ಮ ಹ್ಯಾಮ್‌ಸ್ಟರ್ ಈಗ ಸರಳು ಕಚ್ಚುತ್ತಿಲ್ಲ

ಹೋದ ತಿಂಗಳು ಕೇಳಿದ್ದೆನಲ್ಲ, ನಮ್ಮ ಸಿರಿಯನ್ ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ರಾತ್ರಿಯಿಡೀ ಪಂಜರದ ಸರಳು ಕಚ್ಚುತ್ತದೆ, ಏನು ಮಾಡಲಿ ಅಂತ. ಪಂಜರ ಚಿಕ್ಕದು, ಬಿಲ ತೋಡೋಕೆ ಕೆಳಗಿನ ಹಾಸು ಸಾಲದು ಅಂತ ಸುಮಾರು ಜನ ಹೇಳಿದಿರಿ. ಅದೇ ನಿಜವಾಗಿತ್ತು.

ಇಲ್ಲಿ ಚಿಕ್ಕಮಗಳೂರಿನಲ್ಲಿ ನಾನು ಹುಡುಕಿದ ಕಡೆ ದೊಡ್ಡ ಪಂಜರ ಸಿಗಲಿಲ್ಲ. ಕೊನೆಗೆ ಪರಿಚಯದವರ ಮನೆಯಲ್ಲಿ ಸುಮ್ನೆ ಬಿದ್ದಿದ್ದ 4 ಅಡಿ ಉದ್ದ, 2 ಅಡಿ ಅಗಲದ ಮೀನಿನ ಗಾಜಿನ ತೊಟ್ಟಿ ತಂದು, ಚೆನ್ನಾಗಿ ತೊಳೆದು ಒಣಗಿಸಿ, ಗಾಳಿಯಾಡಲಿ ಅಂತ ಮೇಲೆ ತಂತಿ ಜಾಲರಿಯ ಮುಚ್ಚಳ ಕೂರಿಸಿದೆ. ಒಂದು ಕಡೆ 25 ಸೆಂ.ಮೀ. ದಪ್ಪಕ್ಕೆ ಪೇಪರ್ ಹಾಸು ತುಂಬಿದೆ. ಅದನ್ನು ಒತ್ತಿ ತುಂಬಬೇಕು, ಇಲ್ಲದಿದ್ದರೆ ಬಿಲ ಕುಸಿಯುತ್ತದೆ. ಸಾಮಿಲ್‌ನಿಂದ ಮರದ ಪುಡಿ ತರಬೇಕು ಅಂತಿದ್ದೆ, ಆ ದೂಳು ಅದರ ಉಸಿರಿಗೆ ಕೆಟ್ಟದ್ದು ಅಂತ ತಡೆದಿರಿ, ತುಂಬಾ ಥ್ಯಾಂಕ್ಸ್.

ಅದು ಓಡುವ ಸರಳಿನ ಹಳೇ ಚಕ್ರ ತೆಗೆದು 28 ಸೆಂ.ಮೀ. ವ್ಯಾಸದ, ಸಂದಿಲ್ಲದ ಚಕ್ರ ಇಟ್ಟಿದ್ದೇನೆ. ಮೊದಲು ಬೆನ್ನು ಬಿಲ್ಲಿನ ಹಾಗೆ ಬಾಗುತ್ತಿತ್ತು, ಈಗ ನೆಟ್ಟಗೆ ಓಡುತ್ತದೆ.

ಮೊದಲ ರಾತ್ರಿ ಟಿಶ್ಯೂ ಚೂರುಗಳನ್ನು ಕೆನ್ನೆಯೊಳಗೆ ತುಂಬಿಕೊಂಡು, ಮುಖ ಎರಡರಷ್ಟು ಊದಿಸಿಕೊಂಡು, ಒಂದೊಂದೇ ಸಲ ಬಿಲಕ್ಕೆ ಸಾಗಿಸಿತು. ಗಾಜಿನ ಪಕ್ಕದಲ್ಲೇ ಗೂಡು ಮಾಡಿದೆ, ಸೂರ್ಯಕಾಂತಿ ಬೀಜದ ರಾಶಿ ಕಾಣುತ್ತದೆ. ನೋಡಿ ಕಣ್ಣು ತುಂಬಿ ಬಂತು.

ಒಂದೇ ತೊಂದರೆ, ನಮ್ಮ ಮಳೆಗಾಲದ ಥಂಡಿ. ಅಡಗಿಸಿಟ್ಟ ಸೌತೆಕಾಯಿ ಚೂರಿಗೆ ಬೂಷ್ಟು ಬಂದಿತ್ತು. ಈಗ ಹಸಿ ತರಕಾರಿ ಉಗುರಿನಷ್ಟೇ ಕೊಟ್ಟು, ಉಳಿದದ್ದನ್ನು ಬೆಳಗ್ಗೆ ತೆಗೆಯುತ್ತೇನೆ. ತೊಟ್ಟಿಯನ್ನೂ ಕಿಟಕಿಯಿಂದ ದೂರ, ಒಳಗೋಡೆಯ ಹತ್ತಿರ ಇಟ್ಟಿದ್ದೇನೆ.